ಮನೆಯಲ್ಲಿ ಹಾಡುವ ಅಭ್ಯಾಸಕ್ಕೆ ಜಾಗ, ಶ್ರುತಿ, ಹೊತ್ತು: ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ

ಹಾಡು ಕಲಿಯಲು ಶುರು ಮಾಡಿದವರು, ಮಕ್ಕಳನ್ನು ಸಂಗೀತ ಕ್ಲಾಸಿಗೆ ಸೇರಿಸಿದವರು ಸುತ್ತಿ ಬಳಸಿ ಕೇಳುವ ಪ್ರಶ್ನೆ ಒಂದೇ. "ಕ್ಲಾಸಿನಲ್ಲಿ ಸರಿಯಾಗೇ ಬರ್ತದೆ, ಮನೆಗೆ ಬಂದರೆ ಬರೋದಿಲ್ಲ. ಎಲ್ಲಿ ಕೂತು ಹಾಡೋದು, ಯಾವಾಗ ಹಾಡೋದು?" ಕಾರವಾರದ ಫ್ಲಾಟಿನಲ್ಲಿರುವವರೂ ಇದನ್ನೇ ಕೇಳುತ್ತಾರೆ, ಶಿರಸಿ ಕಡೆಯ ತೋಟದ ಮನೆಯವರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಅಭ್ಯಾಸಕ್ಕೆ ದೊಡ್ಡ ಕೋಣೆ ಬೇಡ, ದುಬಾರಿ ವಾದ್ಯ ಬೇಡ. ನಿಮ್ಮ ದನಿ ನಿಮಗೆ ಸರಿಯಾಗಿ ಕೇಳಬೇಕು. ಅದು ಕೇಳದೇ ಹೋದಾಗ ಎಲ್ಲರೂ ತಮಗೇ ಗೊತ್ತಿಲ್ಲದೆ ದನಿ ಏರಿಸುತ್ತಾರೆ, ಸ್ವರ ಜಾರುತ್ತದೆ, ವಾರದೊಳಗೆ ಗಂಟಲು ಕಟ್ಟುತ್ತದೆ. ಆಮೇಲೆ ಕಷಾಯ, ಜೇಷ್ಠಮಧು ಅಂತ ಗಂಟಲಿಗೆ ಔಷಧ ಹುಡುಕುತ್ತಾರೆ. ಮೊದಲು ಕಿವಿಗೆ ಅನುಕೂಲ ಮಾಡಿಕೊಡಿ, ಗಂಟಲಿನ ಅರ್ಧ ಕಷ್ಟ ಅಲ್ಲೇ ತೀರುತ್ತದೆ. ಕೆಳಗಿನ ಹಂತಗಳೆಲ್ಲ ಇದನ್ನೇ ಹಿಡಿದು ಹೋಗುತ್ತವೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಿಂದೂಸ್ತಾನಿ ಕಲಿಯುವವರು ಜಾಸ್ತಿ, ಹಾಗಾಗಿ ಮಾತು ಆ ಕಡೆಗೇ ಸ್ವಲ್ಪ ವಾಲಿದೆ. ಭಜನೆ, ಭಾವಗೀತೆ, ಭಾಗವತಿಕೆ (ಯಕ್ಷಗಾನದ ಹಾಡುಗಾರಿಕೆ) ಕಲಿಯುವವರಿಗೂ ಹೆಚ್ಚಿನದೆಲ್ಲ ಅನ್ವಯಿಸುತ್ತದೆ.

ಬೇಕಾಗುವ ಸಾಮಾನು ಇಷ್ಟೇ: ಶ್ರುತಿಗೆ ತಂಬೂರಿ ಅಥವಾ ಫೋನಿನ ತಂಬೂರಿ ಆ್ಯಪ್, ಒಂದು ಸಣ್ಣ ಸ್ಪೀಕರ್, ಎರಡು ಕಂಬಳಿ, ಕುಡಿಯುವ ನೀರು, ನೋಟ್‌ಬುಕ್ಕು.

1. ಮೊದಲು ಮನೆಯ ಸದ್ದು ಕೇಳಿ

ನೀವು ಹಾಡಲು ಕೂರುವ ಹೊತ್ತಿಗೇ, ಹಾಡದೆ ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಏನೇನು ಕೇಳಿಸುತ್ತದೆ ಅಂತ ಬರೆದುಕೊಳ್ಳಿ. ಫ್ರಿಜ್ಜಿನ ಗುಂಯ್ ಸದ್ದು, ಫ್ಯಾನು, ಪಕ್ಕದ ಮನೆ ಮಿಕ್ಸರು, ತೋಟದ ಪಂಪ್‌ಸೆಟ್ಟು, ಹೈವೇ 66ರ ಲಾರಿ, ಕೊಂಕಣ ರೈಲು. ಬಂದು ಹೋಗುವ ಸದ್ದಿನಿಂದ ದೊಡ್ಡ ತೊಂದರೆಯಿಲ್ಲ, ಲಾರಿ ದಾಟುವವರೆಗೆ ತಡೆದರಾಯಿತು. ಒಂದೇ ಸಮನೆ ಗುಂಯ್‌ಗುಡುವ ಸದ್ದು ನಿಜವಾದ ತೊಂದರೆ. ಫ್ರಿಜ್ಜಿಗೂ ಫ್ಯಾನಿಗೂ ಅದರದ್ದೇ ಒಂದು ಶ್ರುತಿ ಇರುತ್ತದೆ, ನಿಮ್ಮ 'ಸ' ನಿಧಾನಕ್ಕೆ ಆ ಕಡೆಗೆ ಎಳೆದುಕೊಂಡು ಹೋಗುತ್ತದೆ. ಅಡುಗೆಮನೆಗೆ ತಾಗಿದ ಗೋಡೆ ಬಿಟ್ಟು ಬೇರೆ ಗೋಡೆಯ ಪಕ್ಕ ಕೂರುವುದರಿಂದಲೇ ಎಷ್ಟೋ ವ್ಯತ್ಯಾಸ ಆಗುತ್ತದೆ.

ಇಲ್ಲಿನ ಅತಿ ದೊಡ್ಡ ಸದ್ದು ಮಳೆಯದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಶೀಟಿನ ಕೆಳಗೆ ಕೂತರೆ ಪಕ್ಕದಲ್ಲಿದ್ದವರ ಮಾತೇ ಕೇಳುವುದಿಲ್ಲ, ಇನ್ನು ಮಂದ್ರದ (ಕೆಳಗಿನ ಸ್ಥಾಯಿಯ) ಸ್ವರ ಎಲ್ಲಿಂದ ಕೇಳಬೇಕು? ಸುತ್ತ ಗದ್ದಲ ಇದ್ದಾಗ ಮನುಷ್ಯ ತನಗೆ ಅರಿವಿಲ್ಲದೆ ದನಿ ಏರಿಸುತ್ತಾನೆ. ಎಟಿಯೆನ್ ಲೊಂಬಾರ್ ಎಂಬ ಫ್ರಾನ್ಸಿನ ವೈದ್ಯರು ಇದನ್ನು 1911ರಲ್ಲೇ ಬರೆದಿಟ್ಟರು, ಇವತ್ತಿಗೂ ಇದಕ್ಕೆ ಅವರದ್ದೇ ಹೆಸರಿದೆ. ಮಳೆಗಾಲದಲ್ಲಿ ಗಂಟಲು ಕೂತಾಗ ನಾವು ಥಂಡಿಯನ್ನು ದೂರುತ್ತೇವೆ. ತಗಡಿನ ಕೆಳಗೆ ಕೂತು ಹಾಡುವವರಾದರೆ ಈ ಕಾರಣವನ್ನೂ ಯೋಚಿಸಿ ನೋಡಿ.

ಹಾಗಾಗಿ ಜೋರು ಮಳೆ ಸುರಿಯುವಾಗ ಹಾಡಬೇಡಿ. ಆ ಹೊತ್ತಿಗೆ ಬೇರೆ ಕೆಲಸ ಇಟ್ಟುಕೊಳ್ಳಿ. ಕೈಯಲ್ಲಿ ತೀನತಾಲ ಎಂಬ ತಾಳದ ಮಾತ್ರೆ ಎಣಿಸುವುದು, ಬಂದಿಶ್ ಬರೆದುಕೊಳ್ಳುವುದು (ಬಂದಿಶ್ ಅಂದರೆ ರಾಗದಲ್ಲಿ ಕಟ್ಟಿ ತಾಳಕ್ಕೆ ಕೂಡಿಸಿದ ಹಾಡು), ಪಾಠದ ರೆಕಾರ್ಡಿಂಗನ್ನು ಇಯರ್‌ಫೋನಿನಲ್ಲಿ ಕೇಳುವುದು. ಮಳೆ ಹೊಳವಾದಾಗ ಹತ್ತು ನಿಮಿಷ ಸಿಕ್ಕರೂ ಹಾಡಿಕೊಳ್ಳಿ. ಮಳೆ ಜೊತೆ ಪೈಪೋಟಿಗೆ ಇಳಿದು ಒಂದು ಗಂಟೆ ಕೂಗುವುದಕ್ಕಿಂತ ಆ ಹತ್ತು ನಿಮಿಷದಲ್ಲಿ ಜಾಸ್ತಿ ಕೆಲಸ ಆಗುತ್ತದೆ.

2. ಕೋಣೆ ಆರಿಸಿ, ಚಪ್ಪಾಳೆ ತಟ್ಟಿ ನೋಡಿ

ಕೋಣೆ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ 'ಝಣ್' ಅಂತ ಲೋಹದ ಥರ ಒಂದು ಬಾಲ ಕೇಳಿದರೆ ಆ ಕೋಣೆ ಮಾರ್ದನಿ ಕೊಡುತ್ತಿದೆ ಅಂತ ಅರ್ಥ. ಹೊಸ ತಾರಸಿ ಮನೆಗಳಲ್ಲಿ, ನೆಲಕ್ಕೆ ಟೈಲ್ಸ್ ಹಾಕಿ ಸಾಮಾನು ಕಡಿಮೆ ಇರುವ ಕೋಣೆಗಳಲ್ಲಿ ಇದು ಜಾಸ್ತಿ. ಹಾಡಿದರೆ ದನಿ ದೊಡ್ಡದಾಗಿ, ಚೆನ್ನಾಗಿ ಕೇಳುತ್ತದೆ, ಆದರೆ ಹಿಂದಿನ ಸ್ವರ ಮುಂದಿನದರ ಮೇಲೆ ಬಿದ್ದು ತಪ್ಪೆಲ್ಲ ಮುಚ್ಚಿಹೋಗುತ್ತದೆ. ಬಚ್ಚಲಲ್ಲಿ ಎಲ್ಲರೂ ಒಳ್ಳೆಯ ಗಾಯಕರಾಗುವುದು ಇದೇ ಕಾರಣಕ್ಕೆ. ಖುಷಿಗೆ ಅಲ್ಲಿ ಹಾಡಿ, ಅಭ್ಯಾಸಕ್ಕೆ ಬೇಡ.

ಇದಕ್ಕೆ ಪರಿಹಾರ ಸುಲಭ. ನೆಲಕ್ಕೆ ಚಾಪೆ ಹಾಸಿ ಮೇಲೊಂದು ಕಂಬಳಿ, ಕಿಟಕಿಗೆ ದಪ್ಪ ಪರದೆ, ನೀವು ಮುಖ ಮಾಡಿ ಕೂರುವ ಗೋಡೆಗೆ ಇನ್ನೊಂದು ಕಂಬಳಿ ತೂಗುಹಾಕಿ. ಹಾಸಿಗೆ ಸುತ್ತಿಟ್ಟ ಮೂಲೆ, ಬಟ್ಟೆ ತುಂಬಿದ ಕಪಾಟಿನ ಎದುರು ಕೂರುವುದು ಇನ್ನೂ ಒಳ್ಳೆಯದು. ಮತ್ತೆ ಚಪ್ಪಾಳೆ ತಟ್ಟಿ. ಸದ್ದು 'ಟಪ್' ಅಂತ ಬಂದು ಅಲ್ಲೇ ನಿಂತರೆ ಸಾಕು. ಅದಕ್ಕಿಂತ ಜಾಸ್ತಿ ಬಟ್ಟೆ ತುಂಬಬೇಡಿ. ದನಿ ತೀರಾ ಹೀರಿಹೋದರೆ ಮತ್ತೆ ಕೂಗಿ ಹಾಡುವ ಅಭ್ಯಾಸ ಶುರುವಾಗುತ್ತದೆ.

ಒಂದು ಎಚ್ಚರಿಕೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲ ಅಂತ ಹೇಳುವವರು ಇದ್ದಾರೆ. ಹಾಗಾಗುವುದಿಲ್ಲ. ಕೋಣೆಯೊಳಗಿನ ಮಾರ್ದನಿ ತಗ್ಗಿಸುವುದು ಬೇರೆ, ಸದ್ದು ಹೊರಹೋಗದಂತೆ ತಡೆಯುವುದು ಬೇರೆ. ತಡೆಯಲು ಭಾರದ ಗೋಡೆ ಬೇಕು, ಗಾಳಿ ಹೋಗುವ ಸಂದು ಮುಚ್ಚಬೇಕು. ಫ್ಲಾಟಿನಲ್ಲಿ ಬಾಗಿಲಿನ ಕೆಳಗಿನ ಸಂದಿಗೆ ಹಳೆ ಟವೆಲ್ಲು ಸುತ್ತಿ ಒತ್ತಿದರೆ ಒಂದಷ್ಟು ಪ್ರಯೋಜನ ಉಂಟು. ಹೆಂಚಿನ ಮನೆಗಳಲ್ಲಿ ಅದೂ ನಡೆಯುವುದಿಲ್ಲ. ಎಷ್ಟೋ ಹಳೆ ಮನೆಗಳಲ್ಲಿ ಒಳಗೋಡೆ ಮಾಡಿನವರೆಗೆ ಹೋಗುವುದೇ ಇಲ್ಲ, ಬಾಗಿಲು ಎಷ್ಟು ಮುಚ್ಚಿದರೂ ದನಿ ಮೇಲಿನಿಂದ ದಾಟಿ ಇಡೀ ಮನೆಗೆ ಹೋಗುತ್ತದೆ. ಅಲ್ಲಿ ಇರುವ ದಾರಿ ಮನೆಯವರ ಜೊತೆ ಹೊತ್ತು ಹೊಂದಿಸಿಕೊಳ್ಳುವುದು. ಅದು ಆರನೇ ಹಂತದಲ್ಲಿ ಬರುತ್ತದೆ.

ಹಾಗೆ ನೋಡಿದರೆ ಹಾಡಲು ಹೆಂಚಿನ ಮನೆ ಚೆನ್ನ. ಮಣ್ಣಿನ ಗೋಡೆ, ಮರದ ಅಟ್ಟ ದನಿಯನ್ನು ಹದವಾಗಿ ಇಡುತ್ತವೆ. ಮೆತ್ತಿನ (ಮಹಡಿಯ) ಮೇಲೆ ಜಾಗವಿದ್ದರೆ ಹಗುರ ಬಿಸಿಲಿನ ಹೊತ್ತಿಗೆ ಅದನ್ನೇ ಬಳಸಿಕೊಳ್ಳಿ. ಅಡಿಕೆ, ಹುಲ್ಲು ತುಂಬಿದ ಕಡೆ ಮಾತ್ರ ಬೇಡ, ಧೂಳು ನೇರ ಗಂಟಲಿಗೆ ಇಳಿಯುತ್ತದೆ.

"ನಮ್ಮ ಅಜ್ಜಿಯರು ಇದೆಲ್ಲ ಇಲ್ಲದೇ ಹಾಡಲಿಲ್ಲವೇ" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಡಿದ್ದಾರೆ, ಎಷ್ಟು ಚೆನ್ನಾಗಿ ಹಾಡಿದ್ದಾರೆ! ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಸಮುದಾಯದ ಹಾಡುಗಳಿಗೆ. ಆ ಹಾಡು ನಾಲ್ಕು ಜನರ ನಡುವೆ, ಬದುಕಿನ ಜೊತೆಗೇ ಬರುತ್ತದೆ, ಕಲಿಯುವ ದಾರಿಯೇ ಬೇರೆ. ಒಂದು ಸ್ವರದ ಮೇಲೆ ಒಬ್ಬರೇ ನಿಂತು ಅದು ಸರಿಯಾಗಿದೆಯೇ ಅಂತ ಪರೀಕ್ಷಿಸಿಕೊಳ್ಳುವ ಕೆಲಸಕ್ಕೆ ಮೌನ ಬೇಕು.

3. ನಿಮ್ಮ ಶ್ರುತಿ ಕಂಡುಕೊಳ್ಳಿ, ಅದನ್ನು ಸರಿಯಾದ ಜಾಗದಲ್ಲಿಡಿ

ಶ್ರುತಿ ಅಂದರೆ ನಿಮ್ಮ 'ಸ' ನಿಲ್ಲುವ ಎತ್ತರ. ನಮ್ಮಲ್ಲಿ ಅದನ್ನು ಹಾರ್ಮೋನಿಯಂ ಮನೆಗಳ (ಬೆರಳಲ್ಲಿ ಒತ್ತುವ ಕೀಲಿಗಳ) ಲೆಕ್ಕದಲ್ಲಿ ಹೇಳುತ್ತಾರೆ: ಕಪ್ಪು 1, ಬಿಳಿ 4, ಹೀಗೆ. ಗಂಡಸರದ್ದು ಹೆಚ್ಚಾಗಿ ಕಪ್ಪು 1ರ ಆಸುಪಾಸು, ಹೆಂಗಸರದ್ದು ಕಪ್ಪು 3, 4, 5ರ ಸುತ್ತಮುತ್ತ. ಕಪ್ಪು 1ರಲ್ಲಿ 'ಸ' ಹಿಡಿದಾಗ ಸ್ವರತಂತುಗಳು (ಗಂಟಲೊಳಗೆ ಅದುರಿ ದನಿ ಹುಟ್ಟಿಸುವ ಎರಡು ಮಡಿಕೆಗಳು) ಸೆಕೆಂಡಿಗೆ ಸುಮಾರು 139 ಸಲ ಅದುರುತ್ತವೆ, ಕಪ್ಪು 4ರಲ್ಲಿ ಸುಮಾರು 208 ಸಲ. ಒಂದೇ ಮನೆ ಮೇಲೆ ಕೆಳಗೆ ಆದರೂ ಗಂಟಲಿಗೆ ಯಾಕೆ ಅಷ್ಟು ಗೊತ್ತಾಗುತ್ತದೆ ಅನ್ನುವುದು ಇದರಿಂದ ತಿಳಿಯುತ್ತದೆ, ಅಲ್ವಾ?

ಕಂಡುಕೊಳ್ಳುವುದು ಹೀಗೆ. ಒಂದು ಶ್ರುತಿ ಇಟ್ಟು ಕೆಳಗೆ ಮಂದ್ರದ 'ಪ'ಗೆ ಇಳಿಯಿರಿ. ಅಲ್ಲಿ ಬರೀ ಗಾಳಿ ಬರದೆ ದನಿ ನಿಲ್ಲಬೇಕು. ಆಮೇಲೆ ತಾರದ (ಮೇಲಿನ ಸ್ಥಾಯಿಯ) 'ಗ'ಗೆ ಹೋಗಿ. ಅಲ್ಲಿ ಗದ್ದ ಎತ್ತದೆ, ಕುತ್ತಿಗೆ ನರ ಉಬ್ಬದೆ ಮುಟ್ಟಬೇಕು. ಎರಡೂ ಆದರೆ ಅದು ನಿಮ್ಮ ಶ್ರುತಿ. ಆಗದಿದ್ದರೆ ಒಂದು ಮನೆ ಮೇಲೆ ಅಥವಾ ಕೆಳಗೆ ಸರಿಸಿ ನೋಡಿ. ಕೊನೆಗೆ ಗುರುಗಳ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಇಲ್ಲಿ ಆಗುವ ತಪ್ಪು: ಇಷ್ಟದ ಗಾಯಕರ ಶ್ರುತಿಯನ್ನೇ ನಮ್ಮದೂ ಅಂತ ಇಟ್ಟುಕೊಳ್ಳುವುದು. ಹೊನ್ನಾವರ, ಕುಮಟಾ ಕಡೆ ಭಾಗವತಿಕೆ ಕಲಿಯುವ ಹುಡುಗರಲ್ಲಿ ಇದು ಜಾಸ್ತಿ. ದೊಡ್ಡ ಭಾಗವತರು ಏರುಶ್ರುತಿಯಲ್ಲಿ ಚಂಡೆಯ ಮೇಲೆ ಹಾಡಿದ್ದನ್ನು ಕೇಳಿ ಮನೆಯಲ್ಲಿ ಅದೇ ಎತ್ತರಕ್ಕೆ ಕೂಗುತ್ತಾರೆ. ಮನೆಯಲ್ಲಿ ಶ್ರುತಿ ಮತ್ತು ತಾಳ ಇಷ್ಟೇ ಇಟ್ಟುಕೊಂಡು ಹಾಡಿ, ಚಂಡೆ ಮದ್ದಳೆ ಜೊತೆಗಿನ ತಾಲೀಮು ಗುರುಗಳ ಎದುರಿಗಿರಲಿ. ದನಿ ಒಡೆಯುವ ವಯಸ್ಸಿನ ಹುಡುಗರಂತೂ ಶ್ರುತಿ ಇಳಿಸಿಕೊಂಡು, ಕಡಿಮೆ ಹಾಡಬೇಕು. ಅಪ್ಪ ಅಮ್ಮ ಈ ವಿಷಯದಲ್ಲಿ ಒತ್ತಾಯ ಮಾಡಬೇಡಿ.

ತಂಬೂರಿ ಆ್ಯಪಿನಲ್ಲಿ ನಾಲ್ಕು ತಂತಿ ತೋರಿಸುತ್ತದೆ. ಮೊದಲನೆಯದು ಮಂದ್ರ ಪ, ನಡುವಿನ ಜೋಡಿ ಸ, ಕೊನೆಯದು ಮಂದ್ರ ಸ. ಮಾಲಕಂಸದಂತೆ 'ಪ' ಇಲ್ಲದ ರಾಗಕ್ಕೆ ಮೊದಲ ತಂತಿಯನ್ನು 'ಮ'ಕ್ಕೆ ಬದಲಾಯಿಸಿ. ಎಷ್ಟೋ ಜನ ಇದನ್ನು ಬದಲಾಯಿಸುವುದೇ ಇಲ್ಲ, ಆಮೇಲೆ ಮಧ್ಯಮ ನಿಲ್ಲುವುದಿಲ್ಲ ಅಂತ ಒದ್ದಾಡುತ್ತಾರೆ.

ಫೋನಿನ ಪುಟ್ಟ ಸ್ಪೀಕರಿಗೆ ಕೆಳಗಿನ ಸ್ವರ ಹೊರಡಿಸುವ ಶಕ್ತಿ ಇಲ್ಲ, ಬರೀ ಝೇಂಕಾರದ ಮೇಲ್ಭಾಗ ಕೇಳಿಸುತ್ತದೆ. ಅದಕ್ಕೇ ಬೇರೆ ಸ್ಪೀಕರ್ ಬೇಕು ಅಂದದ್ದು. ಅದನ್ನು ಎದುರಿಗೆ ಇಡಬೇಡಿ. ಪಕ್ಕದಲ್ಲಿ, ಸ್ವಲ್ಪ ಹಿಂದೆ, ಕೂತಾಗ ಕಿವಿಯ ಎತ್ತರಕ್ಕೆ ಬರುವಂತೆ ಸ್ಟೂಲಿನ ಮೇಲಿಡಿ. ಸದ್ದು ನಿಮ್ಮ ದನಿಗಿಂತ ಕಡಿಮೆ ಇರಲಿ. ನೀವು ಹಾಡುವಾಗ ತಂಬೂರಿ ಕೇಳದಂತಾಗಿ, ಉಸಿರು ತೆಗೆದುಕೊಳ್ಳುವಾಗ ಮತ್ತೆ ಕೇಳಿದರೆ ಇನ್ನೊಂಚೂರು ಏರಿಸಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ.

ಹಾರ್ಮೋನಿಯಂ ಬಾರಿಸುತ್ತಾ ಅದರ ಜೊತೆಗೇ ಹಾಡುವುದು ಶುರುವಿನವರಿಗೆ ಧೈರ್ಯ ಕೊಡುತ್ತದೆ, ಒಪ್ಪುತ್ತೇನೆ. ಆದರೆ ಅದರ ಶುದ್ಧ ಗಾಂಧಾರ ('ಗ') ತಂಬೂರಿಯ ನಾದದೊಳಗಿನ ಗಾಂಧಾರಕ್ಕಿಂತ ತುಸು ಮೇಲಿರುತ್ತದೆ, ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದಲ್ಲಿ ಸುಮಾರು ನೂರಕ್ಕೆ 14ರಷ್ಟು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ನಿಷೇಧಿಸಿ ಮೂರು ದಶಕ ಹಾಗೇ ಇಟ್ಟಿದ್ದರ ಹಿಂದೆ ಈ ತಕರಾರೂ ಇತ್ತು. ನಿಷೇಧ ಅತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಸ್ವರ ಎಲ್ಲಿದೆ ಅಂತ ನೋಡಲು ಹಾರ್ಮೋನಿಯಂ ಮುಟ್ಟಿ, ಆಮೇಲೆ ಕೈ ತೆಗೆದು ತಂಬೂರಿಯಲ್ಲಿ ನಿಲ್ಲಿಸಿ.

ಮರದ ತಂಬೂರಿ ಇರುವವರು ಮಳೆಗಾಲದಲ್ಲಿ ಜಾಸ್ತಿ ಜೋಪಾನ ಮಾಡಬೇಕು. ಕರಾವಳಿಯ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ದಿನಾ ಬಾರಿಸಿದ ಮೇಲೆ ಒಣ ಹತ್ತಿಬಟ್ಟೆಯಿಂದ ತಂತಿಯ ಉದ್ದಕ್ಕೂ ಒರೆಸಿ. ತೇವಕ್ಕೆ ಬಿರಡೆ (ತಂತಿ ಬಿಗಿಸುವ ಗೂಟ) ಉಬ್ಬಿ ಕಚ್ಚಿಕೊಂಡರೆ ಬಲ ಹಾಕಿ ತಿರುಗಿಸಬೇಡಿ, ನಿಧಾನಕ್ಕೆ ಹೊರಗೆಳೆದು ಒಣಬಟ್ಟೆಯಲ್ಲಿ ಒರೆಸಿ. ಜಾರುವ ಬಿರಡೆಗೆ ಸೀಮೆಸುಣ್ಣದ ಪುಡಿ ಹಚ್ಚಿದರೆ ಹಿಡಿಯುತ್ತದೆ. ಹೊರಗೋಡೆಗೆ ಒರಗಿಸಿ ಇಡಬೇಡಿ, ಬೂಷ್ಟು ಬರುತ್ತದೆ. ಬೂಷ್ಟು ಬಂತೆಂದು ನೇರ ಬಿಸಿಲಿಗೂ ಇಡಬೇಡಿ, ಬುರುಡೆ ಸೀಳುತ್ತದೆ.

4. ಗಾಳಿ ಮತ್ತು ಹೊಗೆ

ಕರಾವಳಿಯ ಹವೆ ಗಂಟಲಿಗೆ ಆಗುವುದಿಲ್ಲ ಅನ್ನುವ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ತೇವದ ಗಾಳಿ ಸ್ವರತಂತುಗಳಿಗೆ ಒಳ್ಳೆಯದೇ, ಒಣಗಾಳಿಯೇ ಕಷ್ಟ. ಮಳೆ ಸುರಿಯುವ ಯಲ್ಲಾಪುರ ತಾಲೂಕಿನ ಹಾಸಣಗಿಯಿಂದಲೇ ಗಣಪತಿ ಭಟ್ಟರಂಥ ಗಾಯಕರು ಬಂದಿದ್ದಾರೆ. ಹಾಳು ಮಾಡುವುದು ಬೂಷ್ಟು, ಧೂಳು, ಹೊಗೆ ಮತ್ತು ಮುಖಕ್ಕೆ ನೇರ ಬೀಸುವ ಫ್ಯಾನು.

ಸಂಜೆ ಹಾಡಲು ಕೂರುವವರು ಸೊಳ್ಳೆ ಅಂತ ಕಾಯಿಲ್ ಹಚ್ಚಿಕೊಂಡು, ದೇವರ ಮುಂದಿನ ಊದುಬತ್ತಿ ಬೇರೆ ಇಟ್ಟುಕೊಂಡು, ಬಾಗಿಲು ಹಾಕಿ ಹಾಡುತ್ತಾರೆ. ಹಾಡುವಾಗ ಉಸಿರು ಆಳಕ್ಕೆ ಹೋಗುತ್ತದೆ, ಆ ಹೊಗೆಯೂ ಅಷ್ಟೇ ಆಳಕ್ಕೆ ಹೋಗುತ್ತದೆ. ಕಾಯಿಲ್ ಬದಲು ಸೊಳ್ಳೆಪರದೆ ಕಟ್ಟಿ ಅದರೊಳಗೇ ಕೂತುಕೊಳ್ಳಿ. ಪರದೆ ದನಿಯನ್ನು ತಡೆಯುವುದಿಲ್ಲ, ಮಕ್ಕಳಿಗಂತೂ ಅದರೊಳಗೆ ಕೂರುವುದು ಬಹಳ ಇಷ್ಟ. ಅಡಿಕೆ ಬೇಯಿಸುವ, ಸುಲಿಯುವ ದಿನಗಳಲ್ಲಿ ಒಲೆಯ ಹೊಗೆ ಬರದ ದಿಕ್ಕಿನ ಕೋಣೆ ನೋಡಿಕೊಳ್ಳಿ. ಫ್ಯಾನು ಬೇಕೇ ಬೇಕೆಂದರೆ ಬೆನ್ನ ಹಿಂದೆ, ಕಡಿಮೆ ವೇಗದಲ್ಲಿ.

5. ಹೊತ್ತು, ಊಟ, ನೀರು

ಬೆಳಗಿನ ಹೊತ್ತು ಒಳ್ಳೆಯದು ಅನ್ನುವುದಕ್ಕೆ ದೊಡ್ಡ ಕಾರಣ ಆಗ ಊರು ಸದ್ದಿಲ್ಲದೆ ಇರುತ್ತದೆ ಎಂಬುದು. ಗಂಟಲು ಆಗ ಇನ್ನೂ ದಪ್ಪಗೇ ಇರುತ್ತದೆ. ಎದ್ದವರೇ ತಾರಕ್ಕೆ ಹೋಗಬೇಡಿ. ಮೊದಲು ಬಾಯಿ ಮುಚ್ಚಿ 'ಮ್‌ಮ್' ಅಂತ ಗುನುಗಿ, ಆಮೇಲೆ ಖರಜ ಮಾಡಿ. ಖರಜ ಅಂದರೆ ಮಂದ್ರದ ಸ್ವರಗಳಲ್ಲಿ ಒಂದೊಂದರ ಮೇಲೆ ಉಸಿರು ಇರುವಷ್ಟು ನಿಲ್ಲುವುದು. ಡಿಸೆಂಬರ್, ಜನವರಿಯಲ್ಲಿ ಶಿರಸಿ, ಸಿದ್ದಾಪುರ ಕಡೆ ಚಳಿ ಜಾಸ್ತಿ ಇದ್ದಾಗ ಈ ಗುನುಗುವಿಕೆ ಇನ್ನಷ್ಟು ಹೊತ್ತು ಇರಲಿ.

ಒಂದೇ ಸಲ ಒಂದು ಗಂಟೆಗಿಂತ ಬೆಳಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ನಿಮಿಷ ಶುರುವಿನವರಿಗೆ ಒಳ್ಳೆಯದು. ಹೊಟ್ಟೆ ತುಂಬ ಉಂಡ ಮೇಲೆ ಎರಡು ಗಂಟೆ ಬಿಡಿ. ರಾತ್ರಿ ತಡವಾಗಿ ಉಂಡು ಹಾಗೇ ಮಲಗುವವರಿಗೆ ಹೊಟ್ಟೆಯ ಹುಳಿ ಮೇಲೆ ಬಂದು ಬೆಳಗ್ಗೆ ದನಿ ಒರಟಾಗುತ್ತದೆ, ಯಕ್ಷಗಾನದ ಆಟ ನೋಡಿ ಬಂದ ಮರುದಿನ ಇದನ್ನು ಗಮನಿಸಿ.

ನೀವು ಕುಡಿಯುವ ನೀರು ಸ್ವರತಂತುಗಳನ್ನು ಮುಟ್ಟುವುದಿಲ್ಲ. ಅದು ಅನ್ನನಾಳದಲ್ಲಿ ಇಳಿಯುತ್ತದೆ, ಸ್ವರತಂತು ಇರುವುದು ಗಾಳಿಯ ದಾರಿಯಲ್ಲಿ. ಹಾಗಾಗಿ ಹಾಡುವ ಮೊದಲು ಗಟಗಟ ಕುಡಿದರೆ ತಕ್ಷಣಕ್ಕೆ ಏನೂ ಆಗದು, ಇಡೀ ದಿನ ಸ್ವಲ್ಪ ಸ್ವಲ್ಪ ಕುಡಿಯುತ್ತಿರಬೇಕು. ಕಷಾಯ ಕುಡಿಯಿರಿ, ಹಿತವಾಗಿರುತ್ತದೆ. ಜೇಷ್ಠಮಧು ದಿನಾ ಜಗಿಯುವ ಅಭ್ಯಾಸ ಬೇಡ, ಜಾಸ್ತಿಯಾದರೆ ರಕ್ತದೊತ್ತಡ ಏರಿಸುತ್ತದೆ. ಗಂಟಲು ನೋಯುವಾಗ ತಂಪು ಮಾಡುವ ಪೆಪ್ಪರಮಿಂಟು ಮಾತ್ರೆ ಬಾಯಿಗೆ ಹಾಕಿಕೊಂಡು ಹಾಡುವುದಂತೂ ಅಪಾಯ. ನೋವು ಮರೆಯಾಗುತ್ತದೆ, ನೀವು ಒತ್ತಿ ಹಾಡುತ್ತಲೇ ಹೋಗುತ್ತೀರಿ.

6. ಮನೆಯವರು ಮತ್ತು ಪಕ್ಕದವರು

ಪಕ್ಕದ ಮನೆಯವರು ಬೈದ ಮೇಲೆ ಹೋಗುವುದಕ್ಕಿಂತ ಮೊದಲೇ ಹೋಗಿ ಮಾತಾಡಿ. "ಅಕ್ಕಾ, ಬೆಳಗ್ಗೆ ಆರೂವರೆಯಿಂದ ಏಳರವರೆಗೆ ಹಾಡಿಕೊಳ್ತೇನೆ, ನಿಮಗೆ ತೊಂದರೆ ಆದರೆ ಹೇಳಿ, ಹೊತ್ತು ಬದಲಾಯಿಸ್ತೇನೆ." ಹೇಳಿದ ಹೊತ್ತಿಗೆ ನಿಲ್ಲಿಸಿ. ಯಾವಾಗ ನಿಲ್ಲುತ್ತದೆ ಅಂತ ಗೊತ್ತಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ಪರೀಕ್ಷೆಯ ತಿಂಗಳು, ಎಳೆ ಮಗು ಇರುವ ಮನೆ ಅಂದರೆ ಬಾಯಿ ಮುಚ್ಚಿ ಗುನುಗುವ ಅಭ್ಯಾಸ ಮಾಡಿ, ಅಥವಾ ಸ್ಟ್ರಾ ಒಂದನ್ನು ತುಟಿಯಲ್ಲಿ ಹಿಡಿದು ಅದರ ಮೂಲಕ ಸ್ವರ ಹೊರಡಿಸಿ. ಸದ್ದು ಕಡಿಮೆ, ಸ್ವರತಂತುಗಳಿಗೂ ಭಾರ ಕಡಿಮೆ.

ಮನೆಯವರಿಗೆ ಒಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಅಭ್ಯಾಸದಲ್ಲಿ ತಪ್ಪು ಸ್ವರ ಬರಲೇಬೇಕು, ಒಂದೇ ಸಾಲು ಎಷ್ಟೋ ಸಲ ಬರಬೇಕು. ಜಗಲಿಯಿಂದಲೇ "ಮತ್ತೆ ಅದೇ ಶುರುವಾಯ್ತಾ" ಅನ್ನಬೇಡಿ, ನೆಂಟರು ಬಂದಾಗ ಕರೆದು ಹಾಡಿಸಬೇಡಿ. ಮಗು ಯಾರೋ ಕೇಳುತ್ತಿದ್ದಾರೆ ಅಂತ ಚೆನ್ನಾಗಿ ಬರುವುದನ್ನೇ ಹಾಡಲು ಶುರು ಮಾಡುತ್ತದೆ, ಬಾರದ್ದು ಹಾಗೇ ಉಳಿಯುತ್ತದೆ. ಮದುವೆಯಾದ ಮೇಲೆ ಮತ್ತೆ ಹಾಡಲು ಶುರು ಮಾಡಿದ ಹೆಂಗಸರಿಗೆ ಈ ಅರ್ಧ ಗಂಟೆ ಸಿಗುವುದು ಇನ್ನೂ ಕಷ್ಟ. ಆ ಅರ್ಧ ಗಂಟೆ ಗ್ಯಾಸ್ ಮುಂದೆ ಬೇರೆ ಯಾರಾದರೂ ನಿಲ್ಲಿ.

7. ರೆಕಾರ್ಡಿಂಗ್ ಮತ್ತು ಆನ್‌ಲೈನ್ ಕ್ಲಾಸು

ಫೋನನ್ನು ಒಂದು ಮೊಳ ದೂರದಲ್ಲಿ, ಬಾಯಿಯ ನೇರಕ್ಕೆ ಅಲ್ಲದೆ ಸ್ವಲ್ಪ ಓರೆಗೆ ಇಟ್ಟು ಐದು ನಿಮಿಷ ರೆಕಾರ್ಡ್ ಮಾಡಿ. ತಂಬೂರಿಯೂ ಅದರಲ್ಲಿ ಕೇಳಬೇಕು, ಇಲ್ಲದಿದ್ದರೆ ಸ್ವರ ಸರಿಯೋ ತಪ್ಪೋ ಗೊತ್ತಾಗದು. ಹಾಡಿದ ತಕ್ಷಣ ಕೇಳಬೇಡಿ, ಮರುದಿನ ಕೇಳಿ. ಮೊದಮೊದಲು ಎಲ್ಲರಿಗೂ ಅವರ ದನಿ ಬೇಜಾರು ತರಿಸುತ್ತದೆ. ನಮ್ಮ ದನಿ ನಮಗೆ ತಲೆಯ ಎಲುಬಿನ ಮೂಲಕವೂ ಕೇಳುತ್ತದೆ, ರೆಕಾರ್ಡಿಂಗಿನಲ್ಲಿ ಅದು ಇರುವುದಿಲ್ಲ.

ಆನ್‌ಲೈನ್ ಪಾಠದಲ್ಲಿ ವಿಡಿಯೋ ಆ್ಯಪುಗಳು ತಂಬೂರಿಯನ್ನು ಗದ್ದಲ ಅಂತ ತಿಳಿದು ಅಳಿಸಿಹಾಕುತ್ತವೆ. ಸೆಟ್ಟಿಂಗಿನಲ್ಲಿ ಒರಿಜಿನಲ್ ಸೌಂಡ್ ಅಂತ ಇದ್ದರೆ ಅದನ್ನು ಆನ್ ಮಾಡಿ. ದನಿ ತಲುಪಲು ತಡವಾಗುವುದರಿಂದ ಗುರುಗಳ ಜೊತೆಗೇ ಹಾಡಲು ಆಗುವುದಿಲ್ಲ, ಅವರು ಹೇಳಿ ಮುಗಿಸಿದ ಮೇಲೆ ನೀವು ಹೇಳಿ. ಇಯರ್‌ಫೋನ್ ಒಂದೇ ಕಿವಿಗೆ ಹಾಕಿ, ಇನ್ನೊಂದು ಕಿವಿ ನಿಮ್ಮ ದನಿಗೆ ತೆರೆದಿರಲಿ. ಫೋನು ನೆಲದ ಮೇಲಿದ್ದರೆ ಕುತ್ತಿಗೆ ಬಾಗುತ್ತದೆ, ಕಣ್ಣಿನ ಎತ್ತರಕ್ಕೆ ಏರಿಸಿ. ನೋಟ್‌ಬುಕ್ಕಿಗೂ ಇದೇ ಮಾತು.

8. ಯಾವಾಗ ನಿಲ್ಲಿಸಬೇಕು

ನೋವು, ಕೆರೆತ, ಮಾಮೂಲಿಯಾಗಿ ಬರುವ ಸ್ವರವೇ ಒಡೆಯುವುದು: ಇವುಗಳಲ್ಲಿ ಯಾವುದಾದರೂ ಬಂದರೆ ಅವತ್ತಿನ ಹಾಡು ಅಲ್ಲಿಗೆ ಮುಗಿಸಿ. ಪದೇ ಪದೇ ಖ್ಯಾಕರಿಸಬೇಡಿ, ಒಂದು ಗುಟುಕು ನೀರು ನುಂಗಿ. ಗಂಟಲಿಗೆ ವಿಶ್ರಾಂತಿ ಅಂತ ಪಿಸುಮಾತಿನಲ್ಲಿ ಮಾತಾಡುವವರಿದ್ದಾರೆ, ಅದರಿಂದಲೂ ಆಯಾಸವೇ. ಸುಮ್ಮನಿರಿ, ಇಲ್ಲವೇ ಮೆಲ್ಲಗೆ ನಿಮ್ಮ ದನಿಯಲ್ಲೇ ಮಾತಾಡಿ. ಶೀತ, ಕೆಮ್ಮು ಇಲ್ಲದೇ ಒರಟು ದನಿ ಎರಡು ಮೂರು ವಾರ ಹಾಗೇ ಉಳಿದರೆ ಕಿವಿ ಮೂಗು ಗಂಟಲಿನ ವೈದ್ಯರನ್ನು ನೋಡಿ. ಹೋದಾಗ ನೀವು ಹಾಡುತ್ತೀರಿ, ದಿನಕ್ಕೆ ಎಷ್ಟು ಹೊತ್ತು, ಯಾವ ಶ್ರುತಿಯಲ್ಲಿ, ತೊಂದರೆ ಮೇಲಿನ ಸ್ವರದಲ್ಲೋ ಕೆಳಗಿನದ್ದರಲ್ಲೋ ಅನ್ನುವುದನ್ನು ಮೊದಲೇ ಹೇಳಿ, ಹಳೆಯ ರೆಕಾರ್ಡಿಂಗ್ ಇದ್ದರೆ ಅದನ್ನೂ ಕೇಳಿಸಿ.